ಖರಜದ ತಂತಿ ಹಿಡಿದವರು

ಶಿಗ್ಗಾವಿ ತಾಲೂಕಿನ ಹುಲಗೂರಿನಲ್ಲಿ ಖಾದ್ರಿ ಪರಂಪರೆಯ ಸೂಫಿ ಸಂತರೊಬ್ಬರ ದರ್ಗಾ ಇದೆ. ಸುತ್ತಲಿನ ಜನ ಅವರನ್ನು ಹಜರೇಶಾ ಖಾದ್ರಿ ಎಂದೂ ಕರೆಯುತ್ತಾರೆ, ಖಾದರ್ ಶಾವಲಿ ಎಂದೂ ಕರೆಯುತ್ತಾರೆ. ಮಕ್ಕಳಿಲ್ಲದೆ ಕೊರಗುತ್ತಿದ್ದ ಶಿಶುವಿನಾಳದ ಇಮಾಮ್ ಸಾಹೇಬರು ಮತ್ತು ಹಜ್ಜೂಮಾ ಇಲ್ಲಿಗೆ ಹರಕೆ ಹೊತ್ತರೆಂದೂ, ಆ ಹರಕೆಯ ಫಲವಾಗಿ 1819ರಲ್ಲಿ ಹುಟ್ಟಿದ ಮಗುವೇ ಶರೀಫ ಎಂದೂ ಆ ಭಾಗದ ನಂಬಿಕೆ. ಹುಲಗೂರಿನಿಂದ ಶಿಶುವಿನಾಳ ದೂರವೇನಿಲ್ಲ. ಶರೀಫರ ಗುರು ಗೋವಿಂದ ಭಟ್ಟರ ಕಳಸವೂ ದೂರವಿಲ್ಲ. ಈ ಸೀಮೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದು ಮಠ, ಇನ್ನು ನಾಲ್ಕು ಹೆಜ್ಜೆಗೆ ಒಂದು ದರ್ಗಾ. ಎರಡೂ ಕಡೆ ರಾತ್ರಿ ಹೊತ್ತಿನಲ್ಲಿ ಪದ ಹಾಡುವ ಸದ್ದು.

ಶರೀಫರ ಕತೆಯನ್ನು ನಾವು ಮತ್ತೆ ಹೇಳಲು ಹೊರಟಿಲ್ಲ. 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲೆ, ಅಶ್ವಥ್ ಅವರ ಕ್ಯಾಸೆಟ್ಟುಗಳು ಮನೆಮನೆ ಸೇರಿದ ಮೇಲೆ ಆ ಕತೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ನಮ್ಮ ತಕರಾರು ಬೇರೆಯೇ ಇದೆ. ತತ್ವಪದದವರು ಕೂತಾಗ ಸಾಮಾನ್ಯವಾಗಿ ಒಬ್ಬ ಹಾಡುತ್ತಾನೆ, ಒಬ್ಬ ದಮ್ಮಡಿ ಬಾರಿಸುತ್ತಾನೆ, ಒಬ್ಬ ಏಕತಾರಿ ಮೀಟುತ್ತಾನೆ. ಎಷ್ಟೋ ಸಲ ಹಾಡುವವನ ಕೈಯಲ್ಲೇ ಏಕತಾರಿ ಇರುತ್ತದೆ, ಇನ್ನೊಂದು ಕೈಯಲ್ಲಿ ಚಿಟಿಕೆ. ಆದರೆ ಬೇರೊಬ್ಬ ಹಿಡಿದು ಕೂತಾಗ ಅವನನ್ನು ಗಮನಿಸಿ ನೋಡಿ. ರಾತ್ರಿಯೆಲ್ಲ ಒಂದೇ ತಂತಿ, ಒಂದೇ ಬೆರಳು, ಒಂದೇ ಸ್ವರ. ಬೆಳಗಿನ ಜಾವ ಜನ ಏಳುವಾಗ ಹಾಡಿದವನಿಗೆ ಕೈ ಮುಗಿಯುತ್ತಾರೆ, ದಮ್ಮಡಿಯವನ ಬೆನ್ನು ತಟ್ಟುತ್ತಾರೆ. ಏಕತಾರಿಯವ ಬುರುಡೆಗೆ ಬಟ್ಟೆ ಸುತ್ತುತ್ತಾ ಕೂತಿರುತ್ತಾನೆ. ಅವನ ಹೆಸರನ್ನು ಕೇಳಿದವರನ್ನು ನಾವು ಕಂಡಿಲ್ಲ. ನಾವೂ ಕೇಳಿರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಬರಹ ಶುರು ಮಾಡಬೇಕು.

ನಮ್ಮ ಕಣ್ಣು ತೆರೆಸಿದ್ದು, ವಿಚಿತ್ರವೆಂದರೆ, ಅಮೆರಿಕದ ಒಂದು ಹಳೆಯ ಧ್ವನಿಮುದ್ರಿಕೆ. ಅಲ್ಲಿನ ಕರಿಯ ಜನರ ನೋವಿನಲ್ಲಿ ಹುಟ್ಟಿದ ಜಾಝ್ ಸಂಗೀತದಲ್ಲಿ ಮೂವರು ಕೂತು ನುಡಿಸುವ ಪದ್ಧತಿ ಇದೆ. ಒಬ್ಬನಿಗೆ ಪಿಯಾನೋ, ಒಬ್ಬನಿಗೆ ಡ್ರಮ್, ಮೂರನೆಯವನಿಗೆ ಆಳೆತ್ತರದ ಬಾಸ್. ಅದಕ್ಕೆ ಟ್ರಿಯೋ ಎನ್ನುತ್ತಾರೆ. ಬಾಸ್ ಎಂದರೆ ಪಿಟೀಲಿನ ದೊಡ್ಡಪ್ಪನಂಥ ವಾದ್ಯ, ನಾಲ್ಕು ದಪ್ಪ ತಂತಿ. ಜಾಝಿನವರು ಅದನ್ನು ಹೆಚ್ಚಾಗಿ ಬೆರಳಿನಿಂದಲೇ ಮೀಟುತ್ತಾರೆ. ಪಿಯಾನೋದವನು ಮೇಲೆ ಎಲ್ಲೆಲ್ಲೋ ಹಾರಾಡುತ್ತಾನೆ, ಬಾಸ್‌ನವನು ಕೆಳಗೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆಯುತ್ತಾನೆ. ಮಾಡಿನ ಮೇಲೆ ಕುಣಿಯುವವನಿಗೆ ಕೆಳಗೆ ಕಂಬ ಗಟ್ಟಿಯಾಗಿರಬೇಕಲ್ಲ!

ನಾವು ಕೇಳಿದ್ದು ಅಹ್ಮದ್ ಜಮಾಲ್ ಅವರ ಟ್ರಿಯೋ. ಪಿಟ್ಸ್‌ಬರ್ಗಿನಲ್ಲಿ 1930ರಲ್ಲಿ ಹುಟ್ಟಿದ ಈ ಪಿಯಾನೋ ವಾದಕ ಹರೆಯದಲ್ಲೇ ಇಸ್ಲಾಮ್ ಸ್ವೀಕರಿಸಿ ಹೆಸರು ಬದಲಿಸಿಕೊಂಡವರು, 2023ರಲ್ಲಿ ತೀರಿಕೊಂಡರು. 1958ರ ಜನವರಿಯಲ್ಲಿ ಷಿಕಾಗೋದ ಪರ್ಷಿಂಗ್ ಹೋಟೆಲಿನಲ್ಲಿ, ಗ್ಲಾಸುಗಳ ಸದ್ದಿನ ನಡುವೆ, ಮೂವರೂ ನುಡಿಸಿದ್ದನ್ನು ಧ್ವನಿಮುದ್ರಿಸಿಕೊಂಡರು. ಆ ತಟ್ಟೆ ನೂರು ವಾರಕ್ಕೂ ಹೆಚ್ಚು ಕಾಲ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಉಳಿಯಿತು. ಬಂದ ದುಡ್ಡಿನಲ್ಲಿ ಜಮಾಲ್ ಅದೇ ಊರಿನಲ್ಲಿ ಅಲ್‌ಹಮ್ರಾ ಎಂಬ ಹೆಸರಿನಲ್ಲಿ ಮದ್ಯವಿಲ್ಲದ ಖಾನಾವಳಿ ತೆರೆದರು. ಜಾಝ್ ಕೇಳಲು ಬಂದವರಿಗೆ ಕುಡಿಯಲು ಸಿಗದಿದ್ದರೆ ಹೋಟೆಲು ಎಷ್ಟು ದಿನ ನಡೆದೀತು, ಬೇಗನೆ ಮುಚ್ಚಿತು. ಡ್ರಮ್ ನುಡಿಸುತ್ತಿದ್ದ ವರ್ನೆಲ್ ಫೋರ್ನಿಯರ್ ಕೂಡ ಮುಂದೆ ಮುಸಲ್ಮಾನರಾಗಿ ಅಮೀರ್ ರಶ್ದಾನ್ ಎಂಬ ಹೆಸರು ತೆಗೆದುಕೊಂಡರು.

ಈ ಇಬ್ಬರ ನಡುವೆ ಬಾಸ್ ಹಿಡಿದು ನಿಂತವರು ಇಸ್ರೇಲ್ ಕ್ರಾಸ್ಬಿ. ಷಿಕಾಗೋದವರೇ, 1919ರಲ್ಲಿ ಹುಟ್ಟಿದವರು. ಹದಿಹರೆಯ ಮುಗಿಯುವ ಮೊದಲೇ ಫ್ಲೆಚರ್ ಹೆಂಡರ್ಸನ್ನರ ದೊಡ್ಡ ಮೇಳದಲ್ಲಿ ಸೇರಿದ್ದರು. ಆಮೇಲೆ ಯಾರು ಕರೆದರೆ ಅವರಲ್ಲಿಗೆ ಹೋಗಿ ನುಡಿಸಿದರು. ಜಮಾಲ್ ಅವರಿಗೆ ಮೌನದ ಹುಚ್ಚು. ನಾಲ್ಕು ಸ್ವರ ನುಡಿಸಿ ಕೈ ಎತ್ತಿಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ನಮಗೆ ಕೇಳಿಸುವುದು ಕ್ರಾಸ್ಬಿಯ ಬಾಸ್. ಒಂದು ಚಿಕ್ಕ ನುಡಿಯನ್ನು ಹಿಡಿದು ಅದನ್ನೇ ಮತ್ತೆ ಮತ್ತೆ ಹೇಳುತ್ತಾ, ಎಲ್ಲೋ ಒಂದು ಕಡೆ ತುಸು ಬಾಗಿಸಿ, ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ಜಮಾಲರ ಮೌನವನ್ನು ಹೊಗಳಿ ಬರೆದವರು ಬಹಳ ಮಂದಿ. ಆ ಮೌನದ ಅರ್ಧ ಬಾಡಿಗೆ ಕಟ್ಟಿದವರು ಕ್ರಾಸ್ಬಿ ಎಂಬುದು ನಮ್ಮ ಅಭಿಪ್ರಾಯ. 1962ರಲ್ಲಿ, ಇನ್ನೂ ನಲವತ್ಮೂರು ವರ್ಷ, ಹೃದಯಾಘಾತದಿಂದ ಹೋಗಿಬಿಟ್ಟರು.

ಜಾಝಿನ ಇನ್ನೊಬ್ಬ ಬಾಸ್ ವಾದಕ ನಮ್ಮನ್ನು ನೇರವಾಗಿ ಊರಿಗೆ ಮರಳಿ ಕರೆದುಕೊಂಡು ಬಂದರು. ಅಹ್ಮದ್ ಅಬ್ದುಲ್ ಮಲಿಕ್, 1927ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿದವರು. ತಂದೆ ಸುಡಾನಿನವರು ಎಂದು ಹೇಳಿಕೊಳ್ಳುತ್ತಿದ್ದರು. ತಂದೆ ತಾಯಿ ಇಬ್ಬರೂ ಕೆರಿಬಿಯನ್ ದ್ವೀಪದಿಂದ ಬಂದವರೆಂದು ಇತಿಹಾಸಕಾರ ರಾಬಿನ್ ಕೆಲ್ಲಿ 2012ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಬೇಕಾದ ಅಜ್ಜನನ್ನು ಆರಿಸಿಕೊಳ್ಳುವ ಈ ಚಟ ನಮ್ಮ ಖಾನದಾನುಗಳಲ್ಲೂ ಇಲ್ಲದ್ದೇನಲ್ಲ, ಬಿಡಿ. ಮಲಿಕ್ ಬಾಸಿನ ಜೊತೆಗೆ ಅರಬರ ಊದ್ ನುಡಿಸಿದರು. ಥೆಲೋನಿಯಸ್ ಮಂಕ್ ಅವರ ಮೇಳದಲ್ಲಿ ಹೊಟ್ಟೆಪಾಡಿಗೆ ದುಡಿದರು. 1957ರ ನವೆಂಬರಿನಲ್ಲಿ ಕಾರ್ನೆಗಿ ಹಾಲಿನಲ್ಲಿ ಮಂಕ್ ಮತ್ತು ಜಾನ್ ಕೋಲ್ಟ್ರೇನ್ ನುಡಿಸಿದಾಗ ಹಿಂದೆ ಬಾಸ್ ಹಿಡಿದವರು ಇವರೇ. ಆ ಟೇಪು ಗ್ರಂಥಾಲಯದ ಕಪಾಟಿನಲ್ಲಿ ಕಳೆದುಹೋಗಿ 2005ರಲ್ಲಿ ಸಿಕ್ಕಿತು. 1961ರ ನವೆಂಬರಿನಲ್ಲಿ ಕೋಲ್ಟ್ರೇನ್ ‘ಇಂಡಿಯಾ’ ಎಂಬ ರಚನೆ ನುಡಿಸುವಾಗ ಅವರಿಗೆ ಬಾಸ್‌ನವರ ಜೊತೆ ಮತ್ತೊಂದು ನಿಲ್ಲುವ ಸದ್ದು ಬೇಕಾಯಿತು. ಮಲಿಕರನ್ನು ಕರೆದರು. ಆ ರಾತ್ರಿಗಳ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಬರೆದಿರುವ ವಾದ್ಯ: ತಂಬೂರಿ!

ನ್ಯೂಯಾರ್ಕಿನ ನೆಲಮಾಳಿಗೆಯಲ್ಲಿ ಒಬ್ಬ ಮುಸಲ್ಮಾನ ತಂಬೂರಿ ಮೀಟಿದ ಎಂದು ಓದಿದ ದಿನ ನಮಗೆ ಹೊಳೆದದ್ದು ಮಿರಜ್.

ತಂಬೂರಿಯ ಬಗ್ಗೆ ಇಲ್ಲಿ ಎರಡು ಮಾತು. ನಾಲ್ಕು ತಂತಿ. ಮೊದಲನೆಯದು ಪಂಚಮ, ರಾಗ ಒಪ್ಪದಿದ್ದರೆ ಮಧ್ಯಮ ಅಥವಾ ನಿಷಾದ. ನಡುವಿನ ಎರಡು ಜೋಡಿ, ಎರಡೂ ಷಡ್ಜ. ಕೊನೆಯದು ಹಿತ್ತಾಳೆಯ ದಪ್ಪ ತಂತಿ, ಕೆಳಗಿನ ಷಡ್ಜ. ಅದೇ ಖರಜ. ತಂತಿಗಳು ಕುದುರೆಯ ಮೇಲೆ ಹಾಯುವಲ್ಲಿ ಒಂದೊಂದು ನೂಲಿನ ಎಳೆ ಸೇರಿಸುತ್ತಾರೆ. ಎಳೆ ಕೂದಲಿನಷ್ಟು ಸರಿದರೆ ತಂತಿ ಸತ್ತಂತೆ, ಸರಿಯಾದ ಜಾಗದಲ್ಲಿ ಕೂತರೆ ಒಂದು ತಂತಿಯೊಳಗಿಂದ ಹತ್ತು ಸ್ವರ ಏಳುತ್ತವೆ. ಇದು ಜವಾರಿ. ಬಾಸ್ ನಡೆಯುತ್ತದೆ, ತಂಬೂರಿ ನಿಲ್ಲುತ್ತದೆ. ತಂಬೂರಿ ಮೀಟುವವನು ತಬಲದ ತಾಳವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಂಡರೆ ಗಾಯಕ ಕಣ್ಣು ಕೆಂಪಗೆ ಮಾಡುತ್ತಾನೆ. ಏಕತಾರಿ ಇವೆರಡರ ನಡುವಿನದು. ಸ್ವರ ಒಂದೇ ಆದರೂ ಬೆರಳು ತಾಳದ ಜೊತೆ ಬೀಳುತ್ತದೆ. ಹಾಗೆ ನೋಡಿದರೆ ಕ್ರಾಸ್ಬಿಗೆ ಹತ್ತಿರದ ಸಂಬಂಧಿ ತಂಬೂರಿಯವನಿಗಿಂತ ನಮ್ಮ ಏಕತಾರಿಯವನೇ.

ಈಗ ಮಿರಜಿನ ಮಾತು. ಮಿರಜಿನಲ್ಲಿ ಶಿಕಲಗಾರರೆಂಬ ಮುಸಲ್ಮಾನ ಕುಟುಂಬಗಳಿದ್ದವು. ಕತ್ತಿ, ಭಲ್ಲೆ, ಕಠಾರಿಗೆ ಸಾಣೆ ಹಿಡಿಯುವುದು ಕಸುಬು. ಇಂಗ್ಲಿಷರು ಬಂದು ಸಂಸ್ಥಾನಗಳ ಸೈನ್ಯಕ್ಕೆ ಕೆಲಸವಿಲ್ಲದಂತಾದಾಗ ಸಾಣೆಗೂ ಕೆಲಸವಿಲ್ಲದಾಯಿತು. 19ನೇ ಶತಮಾನದ ನಡುವಿನಲ್ಲಿ ಆ ಕುಲದ ಫರೀದ್ ಸಾಹೇಬರು ಸಿತಾರ್, ತಂಬೂರಿ ರಿಪೇರಿ ಮಾಡಲು ಕಲಿತು, ಕೊನೆಗೆ ತಾವೇ ತಯಾರಿಸಿದರು. ಪಟವರ್ಧನ್ ಅರಸರ ಆಸರೆಯೂ ಸಿಕ್ಕಿತು. ಪಂಢರಪುರದ ಸೀಮೆಯಲ್ಲಿ ಬೆಳೆಯುವ ದೊಡ್ಡ ಸೋರೆಬುರುಡೆ ತಂದು, ನೆನೆಸಿ, ಕೊಯ್ದು, ಬೀಜ ತೆಗೆದು, ಮರದ ಕತ್ತು ಕೂಡಿಸುವ ಆ ಕೆಲಸ ಇಂದಿಗೂ ಅಲ್ಲಿ ನಡೆಯುತ್ತಿದೆ. ಮನೆತನದ ಅಡ್ಡಹೆಸರೇ ಸಿತಾರ್‌ಮೇಕರ್ ಎಂದಾಗಿ ಹೋಗಿದೆ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕತ್ತಿಯ ಅಲುಗಿನ ಮೇಲೆ ಪಳಗಿದ ಕೈಯೇ ಜವಾರಿಗಾಗಿ ಕುದುರೆಯನ್ನು ಅರದಿಂದ ತೀಡುತ್ತದೆ. ವಿಠ್ಠಲನ ಊರಿನ ಬುರುಡೆ, ಶಿಕಲಗಾರರ ಕೈಚಳಕ ಎರಡೂ ಕೂಡಿ ಆದದ್ದು ಧಾರವಾಡ ಸೀಮೆಯ ಗಾಯಕರ ಹಿಂದೆ ಕೇಳಿಬರುವ ಆ ಝೇಂಕಾರ.

ಮಿರಜಿನಲ್ಲೇ ಮನೆ ಮಾಡಿದ್ದವರು ಉಸ್ತಾದ್ ಅಬ್ದುಲ್ ಕರೀಮ್ ಖಾನರು. 1872ರಲ್ಲಿ ಉತ್ತರದ ಕೈರಾನದಲ್ಲಿ ಹುಟ್ಟಿದವರು, ಕಿರಾಣಾ ಘರಾನೆಗೆ ಹೆಸರು ಬಂದದ್ದು ಆ ಊರಿನಿಂದ. ಅವರ ಮನೆತನ ಸಾರಂಗಿಯವರದು, ಅಂದರೆ ಹಿಂದೆ ಕೂರುವವರದು. ಸಾರಂಗಿಯವರು ಹಾಡುವವರ ಬೆನ್ನಿಗೆ ಕೂತು ಗಂಟಲಿನ ಪ್ರತಿಯೊಂದು ಎಳೆಯನ್ನೂ ಹಿಂಬಾಲಿಸಬೇಕು. ಎಷ್ಟು ರಾಗ, ಎಷ್ಟು ಬಂದಿಶ್ ಗೊತ್ತಿದ್ದರೂ ಮಹಫಿಲಿನಲ್ಲಿ ಅವರಿಗೆ ಮರ್ಯಾದೆ ಕಡಿಮೆ. ತವಾಯಫರ ಕೋಠಿಯ ವಾದ್ಯ ಎಂಬ ಹಣೆಪಟ್ಟಿ ಬೇರೆ. ಆದರೆ ಸ್ವರವನ್ನು ನಿಧಾನವಾಗಿ ಎಳೆದು, ಅದರ ಸುತ್ತಲೇ ಸುಳಿದು, ಮುಂದಿನ ಸ್ವರಕ್ಕೆ ಜಾರುವ ಕಿರಾಣಾದ ಗಾಯಕಿ ಇದೆಯಲ್ಲ, ಅದರಲ್ಲಿ ಸಾರಂಗಿಯ ಬಿಲ್ಲು ಕಾಣದವನಿಗೆ ಕಿವಿ ಇಲ್ಲ ಎಂದೇ ನಾವು ತಿಳಿಯುತ್ತೇವೆ. ಹಿಂದೆ ಕೂತವರ ವಿದ್ಯೆ ಮುಂದೆ ಬಂದು ಕೂತಿತು, ಅಷ್ಟೆ.

ಖಾನ್ ಸಾಹೇಬರು ಹುಬ್ಬಳ್ಳಿ ಧಾರವಾಡಕ್ಕೆ, ಕುಂದಗೋಳದ ನಾಡಿಗೇರ ವಾಡೆಗೆ ಬರುತ್ತಿದ್ದರು. ಕುಂದಗೋಳವೆಂದರೆ ಹುಲಗೂರಿನ ನೆರೆಯ ಸೀಮೆಯೇ. ಅಲ್ಲಿನ ರಾಮಭಾವು ಅವರ ಶಾಗಿರ್ದರಾಗಿ ಸವಾಯಿ ಗಂಧರ್ವ ಎನಿಸಿದರು. ಭೀಮಸೇನ ಜೋಶಿ ಆ ಮನೆಯಲ್ಲಿ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮಾಡಿಸಿಕೊಂಡು ಮರಳುತ್ತಿದ್ದರು. ಮೂರನೆಯ ತಲೆಮಾರು ಬರುವ ಹೊತ್ತಿಗೆ ಕೈರಾನದ ಸಾರಂಗಿ ಅಪ್ಪಟ ಕನ್ನಡ ಗಂಟಲು ಸೇರಿಯಾಗಿತ್ತು.

1937ರ ಅಕ್ಟೋಬರ್ 27ರಂದು ಖಾನ್ ಸಾಹೇಬರು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು ಹಾಸಿಗೆ ಹಾಸಿಸಿದರು. ನಮಾಜ್ ಮುಗಿಸಿ, ತಂಬೂರಿ ಶ್ರುತಿ ಮಾಡಲು ಹೇಳಿ, ದರ್ಬಾರಿಯಲ್ಲಿ ದೇವರ ನಾಮ ಹಾಡುತ್ತಾ ಕಣ್ಣು ಮುಚ್ಚಿದರು ಎಂದು ಅವರ ಶಿಷ್ಯರು ಹೇಳುತ್ತಾ ಬಂದಿದ್ದಾರೆ. ಮಿರಜಿನ ಖ್ವಾಜಾ ಮೀರಾ ಸಾಹೇಬರ ದರ್ಗಾದಲ್ಲಿ ಮಣ್ಣು ಕೊಟ್ಟರು. ಈ ಕತೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇವೆಯೋ! ಆ ಪ್ಲಾಟ್‌ಫಾರ್ಮಿನಲ್ಲಿ ತಂಬೂರಿ ಶ್ರುತಿ ಮಾಡಿ ಮೀಟಿದ ಕೈ ಯಾರದು ಎಂದು ಕತೆ ಹೇಳುವವರಾರೂ ಹೇಳಲಿಲ್ಲ.

ಗಂಗೂಬಾಯಿಯವರ ಕಛೇರಿಗಳ ಫೋಟೋ ನೋಡಿದವರಿಗೆ ಹಿಂದೆ ತಂಬೂರಿಯೊಂದಿಗೆ ಕೂತ ಮಗಳು ಕೃಷ್ಣಾ ನೆನಪಿರಬೇಕು. ತಾಯಿಯ ದನಿ ಒಡೆದು ಗಂಡುದನಿಯಷ್ಟು ದಪ್ಪವಾದ ಮೇಲೆ, ವಯಸ್ಸು ಏರಿದ ಮೇಲೆ, ಮೇಲಿನ ಸ್ವರಗಳನ್ನು ಎತ್ತಿ ಹಿಡಿದು ಕೊಡುತ್ತಿದ್ದವರು ಆ ಮಗಳು. ಸ್ವತಃ ದೊಡ್ಡ ಗಾಯಕಿ. ಬದುಕಿನ ಬಹುಪಾಲು ತಾಯಿಯ ಬೆನ್ನ ಹಿಂದೆ ಕಳೆದು 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿ 2009ರವರೆಗೆ ಇದ್ದರು.

ಧಾರವಾಡದಲ್ಲಿ ಇನ್ನೊಂದು ಕತೆ ಇದೆ, ಇದು ನೇರವಾಗಿ ಖರಜದ ತಂತಿಯದೇ ಕತೆ. ಸಿತಾರ್ ರತ್ನ ರಹಿಮತ್ ಖಾನರು ಕಿರಾಣಾದ ಬೀನ್‌ಕಾರ ಬಂದೆ ಅಲಿ ಖಾನರ ಶಿಷ್ಯರು. ಬೀನ್ ಎಂದರೆ ರುದ್ರವೀಣೆ, ಎರಡು ದೊಡ್ಡ ಬುರುಡೆಯ, ಎದೆಯಾಳದಿಂದ ಮಾತಾಡುವ ವಾದ್ಯ. ಸಿತಾರ್‌ಗೆ ಆ ಆಳ ಇರಲಿಲ್ಲ. ಮೇಲೆ ಚಿಲಿಪಿಲಿ, ಕೆಳಗೆ ಬರಿದು. ಗುರುವಿನ ಬೀನ್ ಕಿವಿಯಲ್ಲಿ ಕೂತಿದ್ದ ರಹಿಮತ್ ಖಾನರು ಸಿತಾರ್‌ನ ತಂತಿಗಳ ಜೋಡಣೆಯನ್ನೇ ಬದಲಿಸಿ ಖರಜ, ಅತಿಖರಜದ ದಪ್ಪ ತಂತಿಗಳನ್ನು ಸೇರಿಸಿ ಏಳು ತಂತಿಯ ವಾದ್ಯ ಮಾಡಿದರೆಂದು ಆ ಘರಾನೆಯವರು ಹೇಳುತ್ತಾರೆ. ಇಂಥ ಕೀರ್ತಿಗೆ ಬೇರೆ ಘರಾನೆಗಳವರೂ ಹಕ್ಕು ಸಾಧಿಸುತ್ತಾರೆ, ಆ ಜಗಳಕ್ಕೆ ನಾವು ಇಳಿಯುವುದಿಲ್ಲ. ಆದರೆ ಧಾರವಾಡದಲ್ಲಿ ನೆಲೆನಿಂತು, ಹೇಳಿಕೊಟ್ಟು, ಒಂದು ಸಿತಾರ್ ಮನೆತನವನ್ನೇ ಕನ್ನಡ ನಾಡಿಗೆ ಕೊಟ್ಟವರು ಅವರು ಎಂಬುದರಲ್ಲಿ ತಕರಾರಿಲ್ಲ. ಮೊಮ್ಮಗ ಬಾಲೇ ಖಾನರು (1942–2007) ಆಲಾಪದಲ್ಲಿ ಆ ಕೆಳಗಿನ ತಂತಿಗಳಿಗೆ ಇಳಿದಾಗ ಸಭೆಯಲ್ಲಿ ಉಸಿರಿನ ಸದ್ದೂ ನಿಲ್ಲುತ್ತಿತ್ತು. ಅವರು ಆಕಾಶವಾಣಿ ಧಾರವಾಡದಲ್ಲಿ ನೌಕರಿ ಮಾಡಿದವರು. 1950ರಲ್ಲಿ ಶುರುವಾದ ಆ ಕೇಂದ್ರ ಎಷ್ಟೋ ವಾದಕರಿಗೆ ತಿಂಗಳ ಸಂಬಳದ ರುಚಿ ತೋರಿಸಿತು. ಬೆಳಗ್ಗೆ ಒಬ್ಬ ಗಾಯಕನಿಗೆ, ಮಧ್ಯಾಹ್ನ ಸುಗಮ ಸಂಗೀತಕ್ಕೆ, ಸಂಜೆ ರೈತರ ಕಾರ್ಯಕ್ರಮದ ಹಾಡಿಗೆ. ಕ್ರಾಸ್ಬಿಯವರ ದಿನಚರಿ ಇದಕ್ಕಿಂತ ತೀರ ಬೇರೆ ಇದ್ದಿರಲಾರದು.

ಹಾನಗಲ್ ತಾಲೂಕಿನಿಂದಲೇ ಬಂದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ನೂರಾರು ಹುಡುಗರ ಕೈಗೆ ತಬಲ, ಹಾರ್ಮೋನಿಯಂ ಕೊಟ್ಟು ಅನ್ನದ ದಾರಿ ತೋರಿದರು. ಅವರಲ್ಲಿ ಗವಾಯಿಗಳಾಗಿ ಹೆಸರಾದವರು ಕೆಲವರು. ಉಳಿದವರು ನಾಟಕ ಕಂಪನಿಗಳಲ್ಲಿ, ಕೀರ್ತನೆಗಳಲ್ಲಿ, ಜಾತ್ರೆಗಳಲ್ಲಿ ಸಾಥ್ ಕೊಡುತ್ತಲೇ ಬದುಕಿದರು.

ಇನ್ನು ನಮ್ಮ ಮನೆಯೊಳಗಿನ ಮಾತು. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆ ನಮ್ಮಲ್ಲಿ ಮುಗಿಯುವಂಥದ್ದಲ್ಲ. ಆಲಿಮರಲ್ಲೇ ಒಮ್ಮತವಿಲ್ಲದ ವಿಷಯದಲ್ಲಿ ಕತೆಗಾರ ತೀರ್ಪು ಕೊಡಬಾರದು. ಆದರೆ ಆ ಚರ್ಚೆಯ ಧೂಳಿನಲ್ಲಿ ಒಂದು ಅನ್ಯಾಯ ನಡೆದುಹೋಗಿದೆ. ಸಾರಂಗಿಯವರು, ತಬಲದವರು, ತಂಬೂರಿ ಮಾಡುವವರು, ಏಕತಾರಿ ಹಿಡಿದವರು, ಇವರಲ್ಲಿ ದೊಡ್ಡ ಪಾಲು ನಮ್ಮವರು. ಸಂಗೀತದ ಇತಿಹಾಸ ಬರೆದವರು ಇವರನ್ನು ಪಕ್ಕವಾದ್ಯ ಎಂದು ಒಂದು ಸಾಲಿನಲ್ಲಿ ಮುಗಿಸಿದರು. ಮುಸಲ್ಮಾನರ ಇತಿಹಾಸ ಬರೆದವರು ನವಾಬರ ಹೆಸರು ಬರೆದರು, ಆಲಿಮರ ಹೆಸರು ಬರೆದರು, ಇವರನ್ನು ಬರೆಯಲು ನಾಚಿದರು. ನಮ್ಮ ಬಾಲ್ಯದಲ್ಲಿ ಮೊಹಲ್ಲಾದ ಒಬ್ಬ ಮುದುಕರು ತಂಬೂರಿಗೆ ಜವಾರಿ ಕೂರಿಸುವುದರಲ್ಲಿ ನಿಸ್ಸೀಮರಾಗಿದ್ದರು. ಮಗಳ ಸಂಬಂಧ ಕುದುರುವಾಗ ಮನೆಯವರು ಅವರ ಕಸುಬನ್ನು ಬಡಗಿ ಕೆಲಸ ಎಂದು ಹೇಳಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಮುದುಕರು ಅಲ್ಲೇ ಕೂತಿದ್ದರು, ಸುಮ್ಮನಿದ್ದರು.

1979ರ ಸುಮಾರಿಗೆ ಬೆಂಗಳೂರಿನಲ್ಲಿ, ಕೊಳಲು ವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ವಿದ್ಯುತ್ತಿನ ತಂಬೂರಿ ತಯಾರಿಸಿದರು. ಪೆಟ್ಟಿಗೆ, ಒಂದು ಗುಂಡಿ, ತಪ್ಪದ ಶ್ರುತಿ. ಒಂಟಿಯಾಗಿ ರಿಯಾಜ್ ಮಾಡುವ ಬಡ ವಿದ್ಯಾರ್ಥಿಗೆ ಅದು ವರವೇ ಆಯಿತು, ಬಸ್ಸಿನಲ್ಲಿ ಆಳೆತ್ತರದ ಬುರುಡೆ ಹೊತ್ತವರಿಗೆ ಆ ಕಷ್ಟ ಗೊತ್ತು. ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ. ಸಣ್ಣ ಊರಿನ ಕಛೇರಿಗಳಲ್ಲಿ ತಂಬೂರಿ ಹಿಡಿಯಲು ಕೂರುತ್ತಿದ್ದ ಹುಡುಗ ಕೂರುವುದಿಲ್ಲ. ಅವನು ಬರೀ ತಂತಿ ಮೀಟುತ್ತಿರಲಿಲ್ಲ. ಎರಡು ತಾಸು ಉಸ್ತಾದರ ಬೆನ್ನಿಗೆ ಒಂದು ಮೊಳ ದೂರದಲ್ಲಿ ಕೂತು ಅವರ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಏಳುತ್ತದೆ ಎಂದು ಕಲಿಯುತ್ತಿದ್ದ. ಹಾಗೆ ಕಲಿತವರೇ ಮುಂದಿನ ಗಾಯಕರಾಗುತ್ತಿದ್ದರು.

ಏಕತಾರಿಗೆ ಮಾತ್ರ ಪೆಟ್ಟಿಗೆ ಸರಿಹೋಗುವುದಿಲ್ಲ. ಪದ ಹಾಡುವವನು ಎಲ್ಲಿ ಓಡುತ್ತಾನೆ, ಎಲ್ಲಿ ನಿಂತು ಅರ್ಥ ಹೇಳುತ್ತಾನೆ, ಎಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ ಎಂಬುದನ್ನು ಯಂತ್ರ ತಿಳಿಯದು. ಈಚೆಗೆ ಹುಲಗೂರಿನ ಕಡೆ ಹೋದಾಗ ಒಂದು ಪದದ ಬೈಠಕ್ಕು ಮುಗಿಯುವವರೆಗೆ ಕೂತಿದ್ದೆವು. ಏಕತಾರಿ ಹಿಡಿದವರಿಗೆ ಅರವತ್ತು ದಾಟಿರಬೇಕು. ಬುರುಡೆಗೆ ಒಂದು ಕಡೆ ಬಿರುಕು ಬಿಟ್ಟು ತವರದ ತಗಡು ಹೊಡೆದಿತ್ತು. ಅವರ ಬಳಿ ಹೋಗಿ ಹೆಸರು ಕೇಳಿದೆವು. ಅವರು ಮೊದಲು ಹಾಡಿದವರ ಹೆಸರು ಹೇಳಿದರು. ಅಲ್ಲ, ನಿಮ್ಮದು ಎಂದೆವು. ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, ಆಮೇಲೆ ದಮ್ಮಡಿಯವನ ಕಡೆ ತಿರುಗಿ ನಕ್ಕು, ಯಾಕ್ರೀ ಸಾಹೇಬರ, ಏನರ ಸರ್ಕಾರದ ಕೆಲಸ ಐತೇನು ಎಂದು ಕೇಳಿದರು.